ಪ್ರಭೆಯಲ್ಲಿ ಬಿಟ್ಟ ಎರಡು ಬೆರಳಗಲ

"ಅಜ್ಜಿ, ತಲೆಯ ಹಿಂದೆ ಪ್ರಭೆ ಬರೆಯುವಾಗ ನಿಮ್ಮ ಮನೆಯ ಪದ್ಧತಿಯಲ್ಲಿ ಯಾಕೆ ಎರಡು ಬೆರಳಗಲ ಚಿನ್ನ ಹಾಕದೆ ಬಿಡಬೇಕು? ಬಿಟ್ಟ ಜಾಗಕ್ಕೆ ಯಾಕೆ ಹಸಿರು ಹಚ್ಚಬೇಕು?" ಎಂದು ಮರುಳಸಿದ್ದ ಕೇಳಿದ.

ಅವನು ಕೇಳಿದ್ದು ತಿಪ್ಪಜ್ಜಿಯನ್ನು. ತಿಪ್ಪಜ್ಜಿಗೆ ಓದು ಬರಹ ಬಾರದು. ಆದರೆ ಪಟದ ಮೇಲೆ ಚಿನ್ನದ ರೇಕು ಕೂರಿಸುವುದರಲ್ಲಿ ಸುತ್ತಲ ಹತ್ತೂರಿನಲ್ಲಿ ಅವಳ ಸಮಕ್ಕೆ ಬರುವವರು ಇರಲಿಲ್ಲ. ಮರುಳಸಿದ್ದ ಎಂಟು ವರ್ಷದಿಂದ ಅವಳ ಹತ್ತಿರ ಕಲಿಯುತ್ತಿದ್ದ. ಅವನ ಅಕ್ಕ ರುದ್ರವ್ವನೂ ಆ ಮನೆಯಲ್ಲೇ ಇದ್ದಳು. ಗಂಡ ಸತ್ತ ಮೇಲೆ ತಮ್ಮನ ಕೈ ಹಿಡಿದುಕೊಂಡು ಬಂದು, ಇವನಿಗೆ ವಿದ್ಯೆ ಕಲಿಸಿ, ನನಗೆ ಏನಾದರೂ ಕೆಲಸ ಕೊಡಿ ಎಂದವಳು ಅವಳೇ. ಒಳಮನೆಯಲ್ಲಿ ಕೂತು ಬಿಳಿ ಸುದ್ದೆ ಮಣ್ಣು ಅರೆಯುವುದು ಅವಳ ಕೆಲಸವಾಯಿತು. ಆ ಸುದ್ದೆಯನ್ನು ಗೋಂದಿನಲ್ಲಿ ಕಲಸಿ, ಪಟದ ಮೇಲೆ ಉಬ್ಬಾಗಿ ಹಚ್ಚಿ, ಅದರ ಮೇಲೆ ಚಿನ್ನ ಕೂರಿಸಬೇಕು. ಸುದ್ದೆ ಬೆಣ್ಣೆಯ ಹಾಗೆ ನುಣ್ಣಗಾಗದಿದ್ದರೆ ಚಿನ್ನ ನಿಲ್ಲುವುದಿಲ್ಲ.

ಆ ದಿನ ಬೆಳಿಗ್ಗೆ ಒಬ್ಬ ಸಾಹುಕಾರ ಬಂದಿದ್ದ. ಹಿಂದಿನ ದೊರೆಗಳ ಹಾಗೆ ತನ್ನದೂ ಒಂದು ಪಟ ಆಗಬೇಕು, ತಲೆಯ ಹಿಂದೆ ಪ್ರಭೆ ಇರಬೇಕು ಎಂದು ಬರೆಸುತ್ತಿದ್ದವನು. ಪಟದ ಹತ್ತಿರ ಬಗ್ಗಿ ನೋಡಿದ.

"ಇದೇನಪ್ಪಾ, ನನ್ನ ಕಿವಿಯ ಮೇಲೆ ಪಾಚಿ ಕಟ್ಟಿದೆ? ಮುಚ್ಚು ಇದನ್ನ. ನಾಳೆ ಗೃಹಪ್ರವೇಶ" ಎಂದ. ಹೊರಡುವಾಗ ಬಟ್ಟಲಿನ ಸುದ್ದೆಯನ್ನು ಬೆರಳಿನಿಂದ ತೀಡಿ, "ಇಷ್ಟು ನುಣ್ಣಗೆ ಅರೆಯೋರು ಯಾರು?" ಎಂದು ಕೇಳಿದ.

"ನಾನೇ" ಎಂದಿದ್ದ ಮರುಳಸಿದ್ದ.

ಅಜ್ಜಿ ಹೊಸ್ತಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕೇಳಿಸಿಕೊಂಡಳು. ಮತ್ತೊಂದು ಕಾಯಿ ಸುಲಿದಳು.

ಈಗ ಮರುಳಸಿದ್ದ ಚಿನ್ನದ ರೇಕನ್ನು ಕುಂಚದ ತುದಿಗೆ ತೆಗೆದುಕೊಂಡು ನಿಂತಿದ್ದ. "ಮುಚ್ಚಲಾ ಅಜ್ಜಿ?" ಎಂದ.

"ಆ ಸಾಹುಕಾರನಿಗೆ ಪ್ರಭೆ ಬೇರೆ ಯಾಕೆ ಮಗ, ಬೋಳುತಲೆ ಅಷ್ಟು ಚೆನ್ನಾಗಿ ಹೊಳೀತದಲ್ಲ" ಎಂದಳು ಅಜ್ಜಿ. ಮರುಳಸಿದ್ದ ನಕ್ಕ. ಅವಳು ನಗಲಿಲ್ಲ. "ಮುಚ್ಚೋದಾದರೆ ಮುಚ್ಚು. ರೇಕು ನಿನ್ನ ಕೈಲಿದೆ, ನಾನು ಹಿಡಕೊಳ್ಳೋದಿಲ್ಲ. ಅದನ್ನ ಅತ್ತ ಇಟ್ಟು ಮೊದಲು ಇದೊಂದು ಕೇಳು. ನಮ್ಮಜ್ಜಿ ನನಗೆ ಹೇಳಿದ್ದು."

ಅವನು ಕುಂಚ ಇಟ್ಟು ಕೂತ. ಒಳಮನೆಯಲ್ಲಿ ರುದ್ರವ್ವ ಸುದ್ದೆ ಅರೆಯುವ ಕಲ್ಲು ತಿರುಗುವ ಸದ್ದು ಕೇಳುತ್ತಿತ್ತು. ಅಜ್ಜಿ ಹೇಳತೊಡಗಿದಳು.

ಒಂದು ರಾಜ್ಯ. ಅದರ ಹೆಸರು ನಮ್ಮಜ್ಜಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿ ಒಬ್ಬ ದೊರೆ ಇದ್ದ. ಏಳು ವರ್ಷಕ್ಕೆ ಪಟ್ಟವಾದವನು, ಅರವತ್ತು ವರ್ಷ ಆಳಿದವನು.

ಅಷ್ಟು ದೊಡ್ಡ ರಾಜ್ಯದಲ್ಲಿ ದೊರೆ ಎಲ್ಲ ಕಡೆ ಹೋಗುವುದಕ್ಕೆ ಆಗುತ್ತದೆಯೇ? ದೊರೆ ಹೋಗಲಾರದ ಕಡೆಗೆ ದೊರೆಯ ಪಟ ಹೋಗುತ್ತಿತ್ತು. ಪಲ್ಲಕ್ಕಿಯಲ್ಲಿ ಕೂರಿಸಿ, ಮೇಲೆ ಛತ್ರಿ ಹಿಡಿದು, ಮುಂದೆ ಕಹಳೆ ಊದಿಸಿಕೊಂಡು ವರ್ಷಕ್ಕೊಮ್ಮೆ ಹೋಗುತ್ತಿತ್ತು. ಪಟ ಬಂತು ಎಂದರೆ ಕುದುರೆಯ ಮೇಲಿದ್ದವನು ಇಳಿಯಬೇಕು, ಕಾಲಲ್ಲಿ ಕೆರ ಇದ್ದವನು ಬಿಡಬೇಕು. ಏಳು ಕೋಟೆಯ ಏಳು ಪಾಳೆಯಗಾರರು ಅದರ ಮುಂದೆ ನಿಂತು ತಲೆ ಬಾಗಿಸಬೇಕು. ದೊರೆಯನ್ನು ಹುಟ್ಟಿದಾಗಿನಿಂದ ಕಾಣದವರೂ ಪಟವನ್ನು ಕಂಡಿದ್ದರು. ಅವರಿಗೆ ಪಟವೇ ದೊರೆ.

ಪಟ ಬರೆಯುವುದಕ್ಕೂ ಒಂದು ಅಳತೆ ಇತ್ತು. ನೂಲು ಹಿಡಿದು ಅಳೆಯುತ್ತಿದ್ದರು. ದೊರೆ ಒಂದು ಮೊಳ ಎತ್ತರವಾದರೆ ಮಂತ್ರಿ ಅವನ ಹೆಗಲಿಗೆ, ಸೇನಾಪತಿ ಎದೆಗೆ, ಚಾಮರ ಬೀಸುವವಳು ಮೊಣಕಾಲಿಗೆ. ಮಂತ್ರಿ ನಿಜದಲ್ಲಿ ಆರಡಿ ಆಳೇ ಆಗಿರಲಿ, ಪಟದಲ್ಲಿ ಹೆಗಲಿಗೇ. ಆ ನೂಲು ನಮ್ಮ ಮನೆಯಲ್ಲಿ ಇವತ್ತಿಗೂ ಇದೆ, ನೀನೂ ನೋಡಿದ್ದೀಯ. ಗಂಟು ಗಂಟು ಹಾಕಿ ಮರದ ಪೆಟ್ಟಿಗೆಯಲ್ಲಿ ಇಟ್ಟಿದೆ.

ದೊರೆಯ ಪಟಗಳು ಬೇಕಾದಷ್ಟಿದ್ದವು. ಹುಲಿ ಹೊಡೆದದ್ದು, ಆನೆಯ ಮೇಲೆ ಕೂತದ್ದು, ಯುದ್ಧ ಗೆದ್ದು ಬಂದದ್ದು. ಆದರೆ ಪಲ್ಲಕ್ಕಿ ಏರುತ್ತಿದ್ದದ್ದು ಒಂದೇ ಒಂದು. ಅವನಿಗೆ ಪಟ್ಟ ಕಟ್ಟಿದ ದಿನ ಬರೆದದ್ದು. ಅದರಲ್ಲಿ ಏಳು ವರ್ಷದ ಮಗು ಸಿಂಹಾಸನದ ತುಂಬ ಕೂತಿದೆ. ತಲೆಯ ಮೇಲೆ ತಾತ ಮುತ್ತಾತಂದಿರು ಹೊತ್ತ ಕಿರೀಟ. ಕತ್ತು ನೆಟ್ಟಗಿದೆ. ತಲೆಯ ಹಿಂದೆ ಹೆಬ್ಬೆರಳ ದಪ್ಪ ಉಬ್ಬಿಸಿದ ಚಿನ್ನದ ಪ್ರಭೆ. ಆ ದಿನ ಸೂರ್ಯ ಹುಟ್ಟಿದಾಗ ಕೂತ ಮಗು, ನಡುಮಧ್ಯಾಹ್ನದವರೆಗೆ ತಲೆ ಬಾಗಿಸಲಿಲ್ಲ ಎಂದು ರಾಜ್ಯವೆಲ್ಲ ಹೇಳುತ್ತಿತ್ತು. ಅದಕ್ಕೇ ಅವನಿಗೆ ಬಿರುದು, ತಲೆಬಾಗದ ದೊರೆ ಎಂದು. ಪಾಳೆಯಗಾರರು ಹೆದರುತ್ತಿದ್ದದ್ದು ಅವನ ಕತ್ತಿಗಲ್ಲ. ಹಾಲುಹಲ್ಲು ಬೀಳುವ ವಯಸ್ಸಿನಲ್ಲೇ ಹೀಗೆ ಕೂತವನು ಇನ್ನು ಏನು ತಾನೇ ಮಾಡಲಾರ ಎಂಬುದಕ್ಕೆ.

ವಯಸ್ಸಾದ ಮೇಲೆ ದೊರೆಗೆ ಹಳೆಯದೇ ನೆನಪು. ಪಟದ ಮುಂದೆ ಕೂತುಬಿಡುವನು. ಯುದ್ಧದ ಮಾತು ಆಡುತ್ತಿರಲಿಲ್ಲ. ದ್ಯಾವವ್ವನ ಮಾತು ಆಡುವನು.

ದ್ಯಾವವ್ವ ಅವನನ್ನು ಸಾಕಿದವಳು. ಹೆತ್ತ ತಾಯಿ ಹೆರಿಗೆಯಲ್ಲೇ ಹೋಗಿದ್ದಳು. ಹಾಲು ಕೊಟ್ಟವಳು, ಎತ್ತಿ ಆಡಿಸಿದವಳು, ಬಿಸಿ ಮುದ್ದೆಯನ್ನು ಊದಿ ಊದಿ ತಿನ್ನಿಸಿದವಳು ಇವಳು. ಮಗು ದಿನಾ ಬೆಳಿಗ್ಗೆ ತೋಟದಲ್ಲಿ ಒಂದು ಗರಿಕೆ ಕಿತ್ತು, ಹೊಸೆದು, ಉಂಗುರ ಮಾಡಿ ಅವಳ ಬೆರಳಿಗೆ ಹಾಕುವುದು. ಸಂಜೆಗೆ ಅದು ಒಣಗುವುದು. ಮಾರನೆಯ ಬೆಳಿಗ್ಗೆ ಹೊಸ ಉಂಗುರ. "ಪಟ್ಟದ ರಾಣಿಗೂ ದಿನಕ್ಕೊಂದು ಉಂಗುರ ಇಲ್ಲ ಕಣಪ್ಪ, ನನಗಿದೆ" ಎಂದು ಅವಳು ನಗುತ್ತಿದ್ದಳಂತೆ. ಪಟ್ಟವಾಗಿ ಒಂದು ತಿಂಗಳಿಗೆ ಅವಳನ್ನು ಅರಮನೆಯಿಂದ ಕಳಿಸಿಬಿಟ್ಟರು. ದೊರೆಯಾದವನು ಮಡಿಲಲ್ಲಿ ಕೂರಬಾರದು ಎಂದರು. ಎಲ್ಲಿಗೆ ಕಳಿಸಿದರು ಎಂದು ಮಗುವಿಗೆ ಹೇಳಲಿಲ್ಲ. ಅವನು ದೊಡ್ಡವನಾಗಿ ಹುಡುಕಿಸುವ ಹೊತ್ತಿಗೆ ಅವಳು ಮಣ್ಣಾಗಿದ್ದಳು.

ಮುದುಕ ದೊರೆಯನ್ನು ಕೊರೆಯುತ್ತಿದ್ದದ್ದು ಒಂದೇ. ಅವಳ ಮುಖ ಅವನಿಗೆ ಮರೆತುಹೋಗಿತ್ತು. "ಹರಳೆಣ್ಣೆ ಹಚ್ಚಿದ ತಲೆಯ ವಾಸನೆ ಬರ್ತದೆ. ಗರಿಕೆಯ ಉಂಗುರ ಕಾಣ್ತದೆ. ಮುಖಕ್ಕೆ ಹೋದರೆ ಎಲ್ಲ ಮಸುಕು" ಎನ್ನುತ್ತಿದ್ದ. ಅರಮನೆಯ ಗೋಡೆಯ ತುಂಬ ಪಟಗಳು. ಒಂದರಲ್ಲೂ ಅವಳಿಲ್ಲ.

ಅಜ್ಜಿ ಕೈಯಲ್ಲಿದ್ದ ಅವರೆಕಾಯಿ ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು. "ನಮ್ಮವ್ವನೂ ನನಗೆ ಹಂಗೇ ಆಗಿದ್ದಾಳೆ ಮಗ. ಸೆರಗು ಕಾಣ್ತದೆ. ಸೆರಗಿನ ಗಂಟಲ್ಲಿ ಕಟ್ಟಿಕೊಂಡ ಹುರಿಗಡಲೆ ಕಾಣ್ತದೆ. ಮುಖ ಕಾಣೋದಿಲ್ಲ" ಎಂದಳು. ಮತ್ತೆ ಹೇಳತೊಡಗಿದಳು.

ದೊರೆಗೆ ಒಬ್ಬನೇ ಮಗ. ಅವನು ಯುದ್ಧದಲ್ಲಿ ಸತ್ತ. ಉಳಿದವನು ಮೊಮ್ಮಗ, ಏಳು ವರ್ಷದವನು. ತಾನು ಕಣ್ಣು ಮುಚ್ಚುವುದರೊಳಗೆ ಮೊಮ್ಮಗನಿಗೆ ಪಟ್ಟ ಕಟ್ಟಬೇಕೆಂದು ದೊರೆ ವಿಜಯದಶಮಿಗೆ ಮುಹೂರ್ತ ಇಡಿಸಿದ. ಏಳು ಪಾಳೆಯಗಾರರಿಗೂ ಓಲೆ ಹೋಯಿತು.

ಮಂತ್ರಿ ಬಂದು ಹೇಳಿದ. "ಪ್ರಭು, ಪಾಳೆಯಗಾರರು ಮಗುವಿನ ಕತ್ತನ್ನೇ ನೋಡುತ್ತಾರೆ. ನಿಮ್ಮ ಪಟ ನೋಡಿ ನೋಡಿ ಅವರಿಗೆ ಅದೇ ಅಳತೆ. ಮಗು ತಲೆ ಬಾಗಿಸಿದರೆ ಅವರು ತಲೆ ಎತ್ತುತ್ತಾರೆ."

ಅವತ್ತಿನಿಂದ ಮಗುವಿಗೆ ಅಭ್ಯಾಸ ಶುರುವಾಯಿತು. ದಿನಾ ಬೆಳಿಗ್ಗೆ ಸಿಂಹಾಸನದ ಮೇಲೆ ಕೂರಿಸಿ ಕಿರೀಟ ಇಡುವುದು. ಇಟ್ಟ ಸ್ವಲ್ಪ ಹೊತ್ತಿಗೆ ಕತ್ತು ವಾಲುವುದು. ಮತ್ತೆ ನೆಟ್ಟಗೆ ಮಾಡುವುದು, ಮತ್ತೆ ವಾಲುವುದು. ನಾಲ್ಕು ದಿನಕ್ಕೆ ಮಗುವಿನ ಕತ್ತು ಬಾತುಕೊಂಡಿತು. ಬಿಸಿ ಎಣ್ಣೆ ಹಚ್ಚಿದರು. ಐದನೆಯ ದಿನ ಉಂಡದ್ದನ್ನು ಕಕ್ಕಿಕೊಂಡಿತು. ಬಾಯಿ ತೊಳೆಸಿ ಮತ್ತೆ ಕೂರಿಸಿದರು.

ದೊರೆ ಕೆಟ್ಟವನಲ್ಲ. ಮೊಮ್ಮಗ ಎಂದರೆ ಪ್ರಾಣ. ಆದರೆ ಎದುರಿಗೆ ಪಟ ಇತ್ತಲ್ಲ. ಪಟದಲ್ಲಿ ತಾನು ನೆಟ್ಟಗೆ ಕೂತಿದ್ದ.

"ನಾನು ಕೂತಿದ್ದೆ ಮಗು. ನೀನು ನನ್ನ ವಂಶ ಅಲ್ಲವಾ?" ಎಂದ.

"ತಾತ, ನಿಂಗೆ ಭಾರ ಆಗಲಿಲ್ವಾ?" ಎಂದು ಮಗು ಕೇಳಿತು.

ದೊರೆ ನೆನಪು ಮಾಡಿಕೊಂಡ. "ಇಲ್ಲ. ಆವತ್ತು ಭಾರವೇ ಆಗಲಿಲ್ಲ. ಹೂವಿನ ಹಾಗಿತ್ತು" ಎಂದ. ಅವನು ಸುಳ್ಳು ಹೇಳಲಿಲ್ಲ. ನಿಜವಾಗಿಯೂ ಅವನಿಗೆ ಹಾಗೇ ನೆನಪಿತ್ತು. ಭಾರ ಶುರುವಾದದ್ದು ಆಮೇಲೆ, ದ್ಯಾವವ್ವ ಹೋದ ಮೇಲೆ. ಅದು ದುಃಖದ ಭಾರ ಎಂದುಕೊಂಡಿದ್ದ.

ಮಗು ತನ್ನಲ್ಲೇ ಏನೋ ತಪ್ಪಿದೆ ಎಂದು ತಿಳಿಯಿತು. ಊಟ ಬಿಟ್ಟಿತು.

ಹೊಸ ಪಟ ಬರೆಯುವುದಕ್ಕೆ ಒಬ್ಬ ಚಿತ್ರಗಾತಿಗೆ ಹೇಳಿಕಳಿಸಿದರು. ಹಳೆಯ ಪಟ ಬರೆದವನ ಮಗಳು ಅವಳು. ಐವತ್ತು ವರ್ಷದ ಹೆಂಗಸು. ತಂದೆ ಸತ್ತು ಹತ್ತು ವರ್ಷವಾಗಿತ್ತು. ಅವಳು ಹುಣಿಸೆಕಡ್ಡಿ ಸುಟ್ಟ ಇದ್ದಿಲು ಹಿಡಿದು ಸಿಂಹಾಸನದ ಎದುರಿಗೆ ಕೂತಳು. ಮಗುವಿನ ಕತ್ತು ಬರೆಯುವುದಕ್ಕೆ ಹೋದಳು. ಮಗುವಿನ ಕತ್ತು ವಾಲಿತು. ಒರೆಸಿ ಮತ್ತೆ ಬರೆದಳು. ಮತ್ತೆ ವಾಲಿತು. ಮೂರು ದಿನ ಹೀಗೇ ಆಯಿತು. ಮೂರನೆಯ ದಿನ ಮಗುವಿನ ಕಣ್ಣಿಂದ ನೀರು ಬರುತ್ತಿತ್ತು, ಬಾಯಿಂದ ಸದ್ದು ಬರುತ್ತಿರಲಿಲ್ಲ.

ಅವಳು ಇದ್ದಿಲು ಕೆಳಗಿಟ್ಟಳು. "ಬುದ್ಧಿ, ಒಂದು ಮಾತು ಹೇಳ್ತೀನಿ. ಏಳು ವರ್ಷದ ಮಗು ಈ ಕಿರೀಟ ಹೊರೋಕೆ ಆಗೋದಿಲ್ಲ" ಎಂದಳು.

"ನಾನು ಹೊತ್ತಿದ್ದೆ" ಎಂದ ದೊರೆ.

"ನೀವೂ ಹೊತ್ತಿರಲಿಲ್ಲ ಬುದ್ಧಿ."

ಮಂತ್ರಿ ಎದ್ದು, "ಇವಳ ತಲೆ ಕೆಟ್ಟಿದೆ" ಎಂದ. ದೊರೆ ಕೈ ಎತ್ತಿ ಅವನನ್ನು ಕೂರಿಸಿದ.

ಚಿತ್ರಗಾತಿ ಹೇಳಿದಳು. "ನಮ್ಮಪ್ಪ ಸಾಯೋವಾಗ ನನಗೆ ಹೇಳಿದ್ದು. ಆವತ್ತು ನಿಮ್ಮ ಕತ್ತೂ ವಾಲ್ತಿತ್ತಂತೆ. ನಿಮ್ಮನ್ನ ಸಾಕಿದಾಕೆ ಸಿಂಹಾಸನದ ಹಿಂದೆ, ಚಾಮರದವರ ಜಾಗದಲ್ಲಿ ನಿಂತು ಎರಡು ಬೆರಳಲ್ಲಿ ಕಿರೀಟ ಎತ್ತಿ ಹಿಡಿದಿದ್ದಳಂತೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. ನಮ್ಮಪ್ಪ ಆಗ ಹುಡುಗ. ಕಂಡದ್ದನ್ನ ಕಂಡ ಹಾಗೇ ಬರೆದುಬಿಟ್ಟ. ನಿಮ್ಮ ತಲೆಯ ಹಿಂದೆ ಆಕೆಯ ಮುಖ, ಕಿರೀಟದ ಬಲಗಡೆ ಆಕೆಯ ಬೆರಳು. ಆಗಿನ ಮಂತ್ರಿಗಳು ನೋಡಿ ಕೆಂಡವಾದರಂತೆ. ದೊರೆಯ ತಲೆಗಿಂತ ಮೇಲೆ ದಾಸಿಯ ಮುಖವೇ, ಅಳಿಸು, ಮೇಲೆ ಪ್ರಭೆ ಹಾಕು ಅಂದರಂತೆ. ಈ ಪ್ರಭೆಯ ಕೆಳಗೆ ಆ ಬೆರಳು ಇವೆ."

"ನೀನು ನೋಡಿದ್ದೀಯಾ?" ಎಂದ ದೊರೆ.

"ಇಲ್ಲ ಬುದ್ಧಿ. ಕೇಳಿದ್ದು. ನಮ್ಮಪ್ಪನಿಗೆ ಜ್ವರ ಏರಿತ್ತು. ಜ್ವರದಲ್ಲಿ ಹೇಳಿದ್ದು."

ಮಂತ್ರಿ ನಕ್ಕ. ದೊರೆ ನಗಲಿಲ್ಲ. ಅವನ ಮುಖ ಕಪ್ಪಿಟ್ಟಿತು. ಅರವತ್ತು ವರ್ಷ ಒಂದು ಬಿರುದಿನ ಮೇಲೆ ಕೂತವನು. ಅದನ್ನು ಒಬ್ಬ ಹೆಂಗಸು ಎಳೆದಳು.

"ತೆಗೆದು ತೋರಿಸು. ಎರಡು ಬೆರಳಗಲ ತೆಗಿ, ಅದಕ್ಕಿಂತ ಹೆಚ್ಚು ಬೇಡ. ಬೆರಳು ಕಂಡರೆ ಸರಿ. ಕಾಣದಿದ್ದರೆ ನಿನ್ನ ಬಲಗೈ ಹೆಬ್ಬೆರಳು ಇಲ್ಲಿ ಬಿಟ್ಟು ಹೋಗು" ಎಂದ.

ಹೆಬ್ಬೆರಳಿಲ್ಲದೆ ಕುಂಚ ಹಿಡಿಯಲಾಗುತ್ತದೆಯೇ? ಅವಳಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ. ಒಮ್ಮೆ ತನ್ನ ಕೈ ನೋಡಿಕೊಂಡಳು, ಒಮ್ಮೆ ಮಗುವಿನ ಕತ್ತು ನೋಡಿದಳು. "ಬಿಸಿನೀರು ತರಿಸಿ" ಎಂದಳು.

"ನಾನಾಗಿದ್ದರೆ ಹೇಳುತ್ತಿರಲಿಲ್ಲ ಅಜ್ಜಿ" ಎಂದ ಮರುಳಸಿದ್ದ.

"ನಾನೂ ಹೇಳುತ್ತಿರಲಿಲ್ಲವೇನೋ" ಎಂದಳು ಅಜ್ಜಿ. "ಅದಕ್ಕೇ ಕತೆ ಅವಳದ್ದು, ನಮ್ಮದಲ್ಲ. ಕೇಳು."

ಚಿತ್ರಗಾತಿ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಕಿರೀಟದ ಬಲಗಡೆ ಪ್ರಭೆಯ ಮೇಲೆ ಒತ್ತಿ ಹಿಡಿದಳು. ಗೋಂದು ನೆನೆಯಬೇಕು. ಆಮೇಲೆ ಕೊಂಬಿನ ಕಡ್ಡಿಯಿಂದ ಮೆಲ್ಲಗೆ ಎಬ್ಬಿಸಿದಳು. ಕಬ್ಬಿಣ ಮುಟ್ಟಿಸಲಿಲ್ಲ. ಮೊದಲು ಚಿನ್ನ ಎದ್ದಿತು. ಅದರ ಕೆಳಗೆ ಸುದ್ದೆ, ಬೆಳ್ಳಗೆ. ಸುದ್ದೆ ಪುಡಿಪುಡಿಯಾಗಿ ಬಿತ್ತು. ಅದರ ಕೆಳಗೆ ಪಟದ ಕೆಂಪು ಬಣ್ಣ. ಬರೀ ಕೆಂಪು.

"ಆಯಿತಲ್ಲ" ಎಂದ ಮಂತ್ರಿ.

"ಎರಡು ಬೆರಳಗಲ ಇನ್ನೂ ಆಗಿಲ್ಲ. ಒಂದು ಉಗುರಗಲ ಉಳಿದಿದೆ" ಎಂದಳು ಅವಳು. ಎಡಗೈಯಲ್ಲಿ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡು ಆ ಒಂದು ಉಗುರಗಲ ಎಬ್ಬಿಸಿದಳು.

ಹಸಿರು ಕಂಡಿತು.

ಅವಳೇ ಬೆಚ್ಚಿದಳು. ಹಸಿರಿನ ಮಾತು ತಂದೆ ಹೇಳಿರಲಿಲ್ಲ. ಬಟ್ಟೆಯಿಂದ ಒರೆಸಿದಳು. ಎರಡು ಬೆರಳು ಕಂಡವು, ಕಿರೀಟದ ಅಂಚನ್ನು ಕೆಳಗಿನಿಂದ ಎತ್ತಿ ಹಿಡಿದಂಥವು. ಒಂದು ಬೆರಳಲ್ಲಿ ಗರಿಕೆಯ ಉಂಗುರ. ಪಟದ ಮೇಲಿನ ಬಣ್ಣವೆಲ್ಲ ಅರವತ್ತು ವರ್ಷದ ಬಿಸಿಲಿಗೆ, ದೀಪದ ಹೊಗೆಗೆ ಮಾಸಿಹೋಗಿತ್ತು. ಚಿನ್ನದ ಕೆಳಗಿದ್ದ ಆ ಗರಿಕೆ ಮಾತ್ರ ಆವತ್ತು ಬೆಳಿಗ್ಗೆ ಕಿತ್ತ ಹಾಗೆ ಇತ್ತು.

ದೊರೆ ಎದ್ದು ಬಂದ. ಯಾರ ಹೆಗಲನ್ನೂ ಹಿಡಿಯಲಿಲ್ಲ. ಪಟದ ಮುಂದೆ ನಿಂತು ಬಹಳ ಹೊತ್ತು ನೋಡಿದ. "ನಾನೇ ಹಾಕಿದ್ದು. ಆವತ್ತು ಪಟ್ಟದ ಗಡಿಬಿಡಿ. ತೋಟಕ್ಕೆ ಹೋಗಬೇಡ ಅಂದರು. ತಪ್ಪಿಸಿಕೊಂಡು ಹೋಗಿ ಕಿತ್ತುಕೊಂಡು ಬಂದಿದ್ದೆ" ಎಂದ. ಆಮೇಲೆ ಮಗುವಿನ ಹಾಗೆ ಕೇಳಿದ, "ಮುಖ? ಮುಖವನ್ನೂ ತೆಗಿಯಮ್ಮ. ಪ್ರಭೆಯೆಲ್ಲ ಹೋದರೂ ಹೋಗಲಿ."

ಚಿತ್ರಗಾತಿ ತಲೆ ತಗ್ಗಿಸಿದಳು. "ಮುಖ ಇಲ್ಲ ಬುದ್ಧಿ. ಮುಖವನ್ನ ನಮ್ಮಪ್ಪ ಒರೆಸಿಯೇ ಸುದ್ದೆ ಹಾಕಿದ್ದು. ಆಕೆ ಅಲ್ಲೇ ಪಕ್ಕದಲ್ಲಿ ನಿಂತಿದ್ದಳಂತೆ. ಮುಖ ಒರೆಸೋವಾಗ ಸುಮ್ಮನಿದ್ದಳಂತೆ. ಬೆರಳು ಒರೆಸೋಕೆ ಹೋದಾಗ ಮಾತ್ರ ಕೈ ಅಡ್ಡ ತಂದಳಂತೆ."

"ಏನಂದಳು?"

"'ಮುಖ ಹೋದರೆ ಹೋಗಲಪ್ಪ. ಕೈ ಮಾತ್ರ ತೆಗೀಬೇಡ. ಮಗೀನ ಕತ್ತು ವಾಲ್ತದೆ' ಅಂದಳಂತೆ."

ನೋಡು ಮಗ, ಅದು ಪಟ. ಪಟದಲ್ಲಿ ಕತ್ತು ವಾಲುವುದಿಲ್ಲ. ಅಷ್ಟೂ ತಿಳಿಯದವಳು ಎಂದು ಅವತ್ತು ಎಲ್ಲರೂ ನಕ್ಕಿರಬೇಕು. ಬರೆದವನು ನಗಲಿಲ್ಲ. ಬೆರಳನ್ನು ಹಾಗೇ ಬಿಟ್ಟು ಮೇಲೆ ಚಿನ್ನ ಹಾಕಿದ.

ದೊರೆ ಪಟದ ಮುಂದೆ ತಲೆ ಬಾಗಿಸಿದ. ತಲೆಬಾಗದ ದೊರೆ ತನ್ನ ಪಟಕ್ಕೆ ತಾನೇ ಬಾಗಿದ ಎಂದು ದೂರದಲ್ಲಿ ನಿಂತವರು ಬಗೆದರು. ಹತ್ತಿರ ಇದ್ದವರಿಗೆ ಗೊತ್ತಿತ್ತು. ಆಮೇಲೆ ಅವನು ಸಿಂಹಾಸನದ ಹತ್ತಿರ ಹೋಗಿ ಮೊಮ್ಮಗನ ತಲೆಯಿಂದ ಕಿರೀಟ ಇಳಿಸಿ, ಬಾತ ಕತ್ತನ್ನು ಸವರಿದ. ಮಗು ಅಲ್ಲೇ ಅವನ ಎದೆಗೆ ಒರಗಿ ನಿದ್ದೆ ಹೋಯಿತು.

ವಿಜಯದಶಮಿ ಬಂತು. ಏಳು ಪಾಳೆಯಗಾರರು ಬಂದು ಸಾಲಾಗಿ ನಿಂತರು. ಮಗು ಸಿಂಹಾಸನದ ಮೇಲೆ ಕೂತಿತು. ದೊರೆ ಅದರ ಹಿಂದೆ ಹೋಗಿ ನಿಂತ, ಚಾಮರದವರು ನಿಲ್ಲುವ ಜಾಗದಲ್ಲಿ. ಎರಡು ಬೆರಳಲ್ಲಿ ಕಿರೀಟವನ್ನು ಎತ್ತಿ ಹಿಡಿದ.

ಮಂತ್ರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಪಾಳೆಯಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ಎಲ್ಲರಿಗಿಂತ ಹಿರಿಯನಾದವನು, ಬೇಕಾದಷ್ಟೇ ಬಾಗುವವನು, ಒಂದು ಕೂದಲೆಳೆ ಹೆಚ್ಚು ಬಾಗದವನು, ಮುಂದೆ ಬಂದು ಕೇಳಿದ. "ದೊರೆಗಳು ಹಿಂದೆ ಯಾಕೆ ನಿಂತಿದ್ದೀರಿ?"

"ಇಲ್ಲಿ ಒಬ್ಬಳು ನಿಂತಿದ್ದಳು. ಅದು ನನಗೆ ತಿಳಿಯೋಕೆ ಅರವತ್ತು ವರ್ಷ ಬೇಕಾಯಿತು" ಎಂದ ದೊರೆ.

ಹಿರಿಯ ಪಾಳೆಯಗಾರ ಮಗುವಿನ ಕಡೆ ತಿರುಗಿದ. "ಭಾರವಾ, ಚಿಕ್ಕ ದೊರೆಗಳೇ?" ಎಂದ.

"ಇಲ್ಲ. ಹೂವಿನ ಹಾಗಿದೆ" ಎಂದಿತು ಮಗು.

ಆ ಮುದುಕ ಪಾಳೆಯಗಾರ ಏನು ಅಂದುಕೊಂಡನೋ, ಅವನ ಮನೆಯಲ್ಲೂ ಯಾರು ಹಿಂದೆ ನಿಂತಿದ್ದರೋ, ನಮ್ಮಜ್ಜಿ ಹೇಳಲಿಲ್ಲ. ಅವನು ಬಾಗಿದ. ಅವತ್ತು ಅವನ ಹಣೆ ನೆಲ ಮುಟ್ಟಿತು. ಉಳಿದ ಆರು ಜನ ಅವನನ್ನು ನೋಡಿ ಬಾಗಿದರು.

ಹೊಸ ಪಟ ಬರೆಯುವಾಗ ಮಂತ್ರಿ ಮತ್ತೆ ಬಂದ. "ಪ್ರಭು, ಇದು ಏಳು ಕೋಟೆಗೂ ಹೋಗುವ ಪಟ. ದೊರೆಯನ್ನು ನೋಡದವರು ನೋಡುವ ಪಟ. ಹಿಂದೆ ಒಬ್ಬರು ನಿಂತು ಹಿಡಿದಿದ್ದಾರೆ ಎಂದು ಬರೆದರೆ ಹೇಗೆ?" ಎಂದ. ಅವನದ್ದೂ ತಪ್ಪಲ್ಲ. ರಾಜ್ಯ ನಿಲ್ಲಿಸುವುದು ಅವನ ಕೆಲಸ. ಪಟ ಕಂಡರೆ ಊರು ಹೆದರಬೇಕು, ಅದಕ್ಕೇ ಪಟ ಇರುವುದು.

ದೊರೆ ಚಿತ್ರಗಾತಿಗೆ ಹೇಳಿದ. "ಪ್ರಭೆ ಹಾಕು. ಮಂತ್ರಿಗಳು ಹೇಳಿದಷ್ಟು ದಪ್ಪ ಹಾಕು. ನನ್ನನ್ನು ಮುಚ್ಚು. ಆದರೆ ಕಿರೀಟದ ಬಲಗಡೆ ಎರಡು ಬೆರಳಗಲ ಬಿಡು. ಅಲ್ಲಿಗೆ ಹಸಿರು ಹಚ್ಚು."

"ನಿಮ್ಮ ಬೆರಳಲ್ಲಿರೋದು ವಜ್ರದ ಉಂಗುರ ಬುದ್ಧಿ. ಹಸಿರಲ್ಲ" ಎಂದಳು ಅವಳು.

"ನನಗೆ ಗೊತ್ತು" ಎಂದ ದೊರೆ. "ಹಸಿರೇ ಹಚ್ಚು."

ಅಜ್ಜಿ ಸುಲಿದ ಕಾಳನ್ನು ಮೊರದಲ್ಲಿ ಒಂದು ಕಡೆಗೆ ಸರಿಸಿದಳು.

"ಆ ರಾಜ್ಯ ಹೋಯಿತು ಮಗ. ಕೋಟೆಯ ಮೇಲೆ ಈಗ ಆಡು ಮೇಯ್ತಾವಂತೆ. ಪಟ ಏನಾಯಿತೋ, ಗೆದ್ದಲು ತಿಂತೋ, ಯಾರ ಮನೆಯ ಅಟ್ಟದಲ್ಲಿದೆಯೋ. ಆ ಚಿತ್ರಗಾತಿ ನಮ್ಮಜ್ಜಿಯ ಅಜ್ಜಿಗೆ ಕೆಲಸ ಕಲಿಸಿದವಳು. ಅವಳು ಬಿಟ್ಟ ಎರಡು ಬೆರಳಗಲವನ್ನ ನಾವು ಬಿಡ್ತಾ ಬಂದೆವು. ನಮ್ಮ ಮನೆಯಲ್ಲಿ ನನಗೆ ತಿಳಿದ ಹಾಗೆ ಒಬ್ಬರೂ ಮುಚ್ಚಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮಜ್ಜಿ ಆ ಹಸಿರು ಹಚ್ಚೋವಾಗ ಮಾತಾಡ್ತಿರಲಿಲ್ಲ. ಮನೆಯವರೆಲ್ಲ ಸುಮ್ಮನಿರ್ತಿದ್ದರು. ಅಡುಗೆಮನೆಯಲ್ಲಿ ಪಾತ್ರೆ ಸದ್ದು ಕೂಡ ಮಾಡ್ತಿರಲಿಲ್ಲ. ಎಷ್ಟು ಚೆನ್ನಾಗಿರ್ತಿತ್ತು ಆ ಹೊತ್ತು."

ಮರುಳಸಿದ್ದ ಪಟವನ್ನೇ ನೋಡುತ್ತಿದ್ದ. ಸಾಹುಕಾರನ ಕಿವಿಯ ಮೇಲೆ ಹಸಿರು ಇನ್ನೂ ಹಸಿಯಾಗಿತ್ತು.

"ಆದರೆ ಸಾಹುಕಾರ ಒಪ್ಪೋದಿಲ್ಲ ಅಜ್ಜಿ. ಮುಚ್ಚು ಅಂತ ಹೇಳಿ ಹೋಗಿದ್ದಾನೆ. ಮುಚ್ಚಲಾ, ಬೇಡವಾ? ಒಂದು ಮಾತು ಹೇಳಿಬಿಡಿ" ಎಂದ. ಹೇಳಿ, ಕುಂಚದ ಕಡೆ ಕೈ ಚಾಚಿದ.

ಒಳಮನೆಯಲ್ಲಿ ಕಲ್ಲು ತಿರುಗುತ್ತಲೇ ಇತ್ತು.

"ಮುಚ್ಚು ಮಗ, ಮುಚ್ಚೋ ಮೊದಲು ಒಳಗೆ ಹೋಗಿ ನಿಮ್ಮಕ್ಕನ ಬೆರಳು ಒಂದು ಸಲ ನೋಡಿಕೊಂಡು ಬಾ."